ಕೊಳ್ಳಲೇ, ಬೇಡವೇ: ಅಕ್ವಾ ದಿ ಜಿಯೊ

ಇಟಲಿಯ ಫ್ಯಾಷನ್ ಸಂಸ್ಥೆ ಅರ್ಮಾನಿಯ ಅಕ್ವಾ ದಿ ಜಿಯೊ ಎಂಬ ಸುಗಂಧದ್ರವ್ಯ ಕೊಳ್ಳಬೇಕೇ ಎಂಬ ಯೋಚನೆ ಕೆಲವು ದಿನಗಳಿಂದ ನನ್ನಲ್ಲಿ ನಡೆದಿದೆ. ಆಲ್ಬರ್ಟೊ ಮೊರಿಯಾಸ್ ರೂಪಿಸಿದ ಈ ಸುಗಂಧ 1996ರಲ್ಲಿ ಬಂದಿತು. ಸಿಸಿಲಿಗೂ ಟ್ಯುನೀಷಿಯಾಕ್ಕೂ ನಡುವಿನ ಪಾಂಟೆಲೇರಿಯಾ ದ್ವೀಪದ ಕಡಲು ಅದಕ್ಕೆ ಪ್ರೇರಣೆ. ಮೂಸಿದೊಡನೆ ಕಡಲಗಾಳಿಯ ಭಾವನೆ ಮೂಡುವುದಕ್ಕೆ ಮುಖ್ಯ ಕಾರಣ ಕ್ಯಾಲೋನ್ ಎಂಬ ಕೃತಕ ಸಂಯುಕ್ತ; 1966ರಲ್ಲಿ ಫೈಜರ್ ಕಂಪನಿಯ ರಸಾಯನಶಾಸ್ತ್ರಜ್ಞರು ಕಂಡುಕೊಂಡ ಇದರಲ್ಲಿ ಕಲ್ಲಂಗಡಿಯ ತಂಪೂ ಉಪ್ಪುಗಾಳಿಯ ಸುಳಿವೂ ಬೆರೆತಿವೆ. ಮಂಗಳೂರಿನಲ್ಲಿ ಬೆಳೆದ ನನಗೆ ಕಡಲೆಂದರೆ ಮೀನು, ಪಾಚಿ, ಒದ್ದೆ ಮರಳುಗಳ ವಾಸನೆ. ಅದಾವುದೂ ಇಲ್ಲದ ಈ ಬಾಟಲಿಯನ್ನೂ ಮನಸ್ಸು ತಕ್ಷಣ ಕಡಲೆಂದೇ ಗುರುತಿಸುತ್ತದೆ ಎಂಬುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ.

ಅಂಗಡಿಯಲ್ಲಿ ಕಾಗದದ ಪಟ್ಟಿಯ ಮೇಲೆ ಮೂಸಿ ನಿರ್ಧರಿಸುವುದು ಸರಿಯಲ್ಲ, ಏಕೆಂದರೆ ಮೊದಲು ಎದುರಾಗುವ ನಿಂಬೆ, ಕಿತ್ತಳೆ ಜಾತಿಯ ಪರಿಮಳಗಳು ಬೇಗ ಆವಿಯಾಗುತ್ತವೆ. ಮುಂಗೈಗೆ ಹಚ್ಚಿಕೊಂಡು, ನಂತರದ ಮಲ್ಲಿಗೆಯ ಪರಿಮಳವೂ ಕಳೆದು ದೇವದಾರು ಮತ್ತು ಪಚೌಲಿ ಎಂಬ ಸುವಾಸನೆಯ ಎಲೆಯ ಪರಿಮಳಗಳು ಉಳಿಯುವವರೆಗೆ ಕಾದರೆ ಮಾತ್ರ ನಿಜವಾದ ಗುಣ ತಿಳಿಯುತ್ತದೆ. ನನ್ನ ಚರ್ಮದ ಮೇಲೆ ಆ ಕೊನೆಯ ಘಟ್ಟವೇ ಹೆಚ್ಚು ಸೊಗಸಾಗಿತ್ತು. ಓ ದ ಟ್ವಾಲೆಟ್, ಅಂದರೆ ಸುಗಂಧ ತೈಲದ ಪ್ರಮಾಣ ಕಡಿಮೆಯಿರುವ ಬಗೆಯದಾದ್ದರಿಂದ ಇಡೀ ದಿನ ಉಳಿಯಲಾರದು, ಎಲ್ಲರೂ ಬಳಸುವ ಪರಿಮಳವೆಂಬ ಆಕ್ಷೇಪವೂ ಇದೆ. ಆದರೆ ನಮ್ಮ ಕರಾವಳಿಯ ಸೆಕೆಯಲ್ಲಿ ಗಾಢ ಸುಗಂಧಗಳು ಉಸಿರು ಕಟ್ಟಿಸುವಾಗ ಇದು ಹಗುರವಾಗಿಯೇ ಇರುತ್ತದೆ. ಆದ್ದರಿಂದ 50 ಮಿಲಿ ಲೀಟರಿನ ಬಾಟಲಿಯೊಂದನ್ನು, ನಕಲಿಗಳ ಭಯವಿಲ್ಲದ ಅಧಿಕೃತ ಮಳಿಗೆಯಿಂದಲೇ, ಕೊಳ್ಳುತ್ತೇನೆ.