ಎಡಗಡೆ ಪೆಡಲ್ಲು

ಶನಿವಾರದಿಂದ ತಲೆಯಲ್ಲಿ ಒಂದೇ ಮಾತು ಸುತ್ತುತ್ತಿದೆ. "ನೀವಾ?" ಅಷ್ಟೇ, ಎರಡೇ ಅಕ್ಷರ. ಕೇಳಿದ್ದು ನಮ್ಮ ಸೈಕಲ್ ಅಂಗಡಿಯ ಮೆಕ್ಯಾನಿಕ್ಕು.

ಅಕ್ಟೋಬರಿನಲ್ಲಿ ಐದು ದಿನ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಸೈಕಲ್ ತುಳಿಯೋಣ ಅಂತ ಮೂವರು ಹೊರಟಿದ್ದೇವೆ. ಮೂವರಲ್ಲಿ ಒಬ್ಬನಿಗೆ ಎಕ್ಸೆಲ್ ಹುಚ್ಚು. ಯಾವ ದಿನ ಎಷ್ಟು ಕಿಲೋಮೀಟರು, ಎಷ್ಟು ಏರು, ಕಾಫಿ ಎಲ್ಲಿ, ಎಲ್ಲ ಹಾಳೆಯಲ್ಲಿ ಬಣ್ಣ ಬಣ್ಣವಾಗಿ ಕೂತಿದೆ. ಒಳ್ಳೆಯ ಹುಡುಗ. ಆದರೆ ಊರು ನೋಡೋಕೆ ಹೋಗ್ತಾನೋ, ಟಿಕ್ ಹಾಕೋಕೆ ಹೋಗ್ತಾನೋ ಗೊತ್ತಾಗಲ್ಲ.

ವೀಸಾ ಅರ್ಜಿಗೆ 90 ಯೂರೋ, ಮೇಲೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ. ಅದೆಲ್ಲ ಸಲೀಸಾಗಿ ಆಯಿತು. ಸಿಕ್ಕಿಬಿದ್ದದ್ದು ಒಂದೇ ಕಡೆ: ನಮ್ಮ ಸೈಕಲ್ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ? ನನಗೆ ನನ್ನದೇ ಬೇಕಿತ್ತು. ಎಂಟು ವರ್ಷದ ಸಂಗಾತಿ. ನಂದಿ ಬೆಟ್ಟವನ್ನು ಎಷ್ಟು ಸಲ ಹತ್ತಿದ್ದೇವೋ ಲೆಕ್ಕ ಇಟ್ಟಿಲ್ಲ.

ಹಾಗಾಗಿ ಶನಿವಾರ ಬೆಳಿಗ್ಗೆ ಪ್ಯಾಕಿಂಗ್ ಕಲಿಯೋಕೆ ಅಂಗಡಿಗೆ ಹೋದೆ. ಹೊಸ ಸೈಕಲ್ ಬಂದಿದ್ದ ರಟ್ಟಿನ ಡಬ್ಬ ಒಂದಿತ್ತು. ಆತ ಮಾತಿಲ್ಲದೆ ಕೆಲಸ ಶುರು ಮಾಡಿದ. ಪೆಡಲ್ಲು ಬಿಚ್ಚಿದ, ಸೀಟು ಇಳಿಸಿದ, ಮುಂದಿನ ಚಕ್ರ ತೆಗೆದ, ಹ್ಯಾಂಡಲ್ಲು ಬಿಡಿಸಿ ಫ್ರೇಮಿನ ಪಕ್ಕಕ್ಕೆ ಕಟ್ಟಿದ. ಸಣ್ಣ ಬೋಲ್ಟುಗಳನ್ನು ಹಳೇ ಶ್ರೀಖಂಡದ ಡಬ್ಬಿಗೆ ಹಾಕಿದ. ನಾನು ಮೊಬೈಲಿನಲ್ಲಿ ವಿಡಿಯೋ ಮಾಡ್ತಾ, ಆಹಾ ಎಷ್ಟು ಸುಲಭ ಅಂದುಕೊಂಡೆ.

"ಬಿಚ್ಚೋದು ಯಾರಾದ್ರೂ ಬಿಚ್ತಾರೆ ಮೇಡಂ. ಅಲ್ಲಿ ಕೂಡ್ಸೋರು ಯಾರು?"

"ನಾನೇ ಅಣ್ಣ."

"ನೀವಾ?"

ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಆತ ನಿಜವಾಗಲೂ ತಿಳಿದುಕೊಳ್ಳೋಕೆ ಕೇಳಿದ. ಅಲೆನ್ ಕೀ ನನ್ನ ಕೈಗೆ ಕೊಟ್ಟು, "ಹಾಗಿದ್ರೆ ಪೆಡಲ್ಲಿಂದ ಶುರು ಮಾಡಿ" ಅಂದ.

ಬಲಗಡೆಯದು ಸರಾಗವಾಗಿ ಕೂತಿತು. ಎಡಗಡೆಯದು ಹಿಡಿಯಲೇ ಇಲ್ಲ. ಒತ್ತಿ ತಿರುಗಿಸಿದೆ, ಇನ್ನೂ ಒತ್ತಿದೆ. ಆತ ತಟ್ಟನೆ ನನ್ನ ಕೈ ಹಿಡಿದ. ಗ್ರೀಸಿನ ಬೆರಳಚ್ಚು ಇನ್ನೂ ಆ ಚೂಡಿದಾರದ ತೋಳಿನ ಮೇಲಿದೆ. "ಎಡಗಡೇದು ಉಲ್ಟಾ ಮೇಡಂ. ಥ್ರೆಡ್ಡು ಹೋದ್ರೆ ಪೆಡಲ್ಲು ಕೂರೋ ಕ್ರ್ಯಾಂಕೇ ಬದಲಾಯಿಸ್ಬೇಕಾಗುತ್ತೆ." ತುಳಿಯುತ್ತಾ ತುಳಿಯುತ್ತಾ ಪೆಡಲ್ಲು ತಾನಾಗಿ ಬಿಚ್ಚಿಕೊಳ್ಳಬಾರದು ಅಂತ ಆ ಕಡೆ ಥ್ರೆಡ್ಡೇ ತಿರುಗುಮುರುಗು ಇರುತ್ತದಂತೆ. ಎಂಟು ವರ್ಷ ಅದರ ಮೇಲೆ ಕಾಲಿಟ್ಟಿದ್ದೇನೆ, ಇದು ಗೊತ್ತಿರಲಿಲ್ಲ!

ರಾತ್ರಿ ಅಮ್ಮನಿಗೆ ಫೋನ್ ಮಾಡಿ ದೊಡ್ಡ ಆವಿಷ್ಕಾರದ ಹಾಗೆ ಹೇಳಿದೆ. "ನಮ್ಮ ಟೇಬಲ್ ಫ್ಯಾನ್ ರೆಕ್ಕೇದೂ ಹಾಗೇ ಅಲ್ವೇನೇ, ಉಲ್ಟಾ ತಿರುಗಿಸ್ಬೇಕು" ಅಂದಳು. ಸೈಕಲ್ ಏರದ ಅಮ್ಮ! ಫ್ಯಾನು ಬಿಚ್ಚಿ ಧೂಳು ಒರೆಸುತ್ತಿದ್ದವಳು ಅವಳೇ. ಪಂಪ್ ಸ್ಟವ್ವಿಗೆ ಪಿನ್ನು ಹಾಕುತ್ತಿದ್ದವಳು, ಮಿಕ್ಸಿ ಜಾರಿಗೆ ವಾಷರ್ ಬದಲಾಯಿಸುತ್ತಿದ್ದವಳೂ ಅವಳೇ. ಮನೆಯ ವಸ್ತುಗಳ ಹೊಟ್ಟೆಯಲ್ಲಿ ಏನಿದೆ ಅಂತ ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರೋದು ಯಾವ ಆ್ಯಪ್‌ನಲ್ಲಿ ಯಾರನ್ನು ಕರೆಯಬೇಕು ಅನ್ನೋದು. ಇದು ಬರೀ ಸೋಮಾರಿತನ ಅಂತ ಅನ್ನಿಸಲ್ಲ. ಕೈಯಲ್ಲಿ ದುಡ್ಡು ಬಂದ ಮೇಲೆ ಬಿಚ್ಚಿ ನೋಡೋದು ಕೀಳು ಕೆಲಸ ಅಂತ ಎಲ್ಲೋ ಒಳಗೆ ಕೂತುಬಿಟ್ಟಿದೆ. ದುಬಾರಿ ವಸ್ತುವಾದರೆ ಮುಟ್ಟೋಕೂ ಭಯ. ಮೂರು ಸಾವಿರದ ಸೈಕಲ್ ಆಗಿದ್ದರೆ ಮೊದಲ ವಾರವೇ ಬಿಚ್ಚಿ ಹಾಳು ಮಾಡಿ ಕಲಿತಿರುತ್ತಿದ್ದೆನೇನೋ.

ಕೊನೆಗೆ ಬಾಡಿಗೆಯೇ ಅಂತ ತೀರ್ಮಾನ. ನನ್ನ ಶೂ ತಳದ ಕೊಕ್ಕೆ ಸಿಕ್ಕಿಕೊಳ್ಳುವುದು ನನ್ನ ಪೆಡಲ್ಲಿಗೆ ಮಾತ್ರ, ಹಾಗಾಗಿ ಪೆಡಲ್ಲು ಒಯ್ಯಲೇಬೇಕು. ಬಾಡಿಗೆ ಫಾರಂನಲ್ಲಿ ಸೀಟಿನ ಎತ್ತರ ಎಷ್ಟು ಸೆಂಟಿಮೀಟರ್ ಅಂತ ಕೇಳಿದ್ದಾರೆ. ಅದನ್ನೂ ಅಳೆದಿರಲಿಲ್ಲ. ದರ್ಜಿಯ ಟೇಪು ಹಿಡಿದು ಅಳೆದೆ, 69. ಅಲ್ಲಿ ಎಡಗೈಗೆ ಮುಂದಿನ ಬ್ರೇಕು, ನನ್ನದರಲ್ಲಿ ಬಲಗೈಗೆ. ರಸ್ತೆಯಲ್ಲೂ ಬಲಗಡೆ ಹೋಗಬೇಕು. ಎಲ್ಲವೂ ಉಲ್ಟಾ.

ನಿನ್ನೆ ಮತ್ತೆ ಅಂಗಡಿಗೆ ಹೋದೆ, ಪೆಡಲ್ಲಿಗೆ ಗ್ರೀಸ್ ಹಚ್ಚೋದು ಕಲಿಯೋಕೆ. ಅಷ್ಟರಲ್ಲಿ ಬಾಲ್ಕನಿಯಲ್ಲಿ ನಾಲ್ಕು ಸಲ ಬಿಚ್ಚಿ ಹಾಕಿದ್ದೆ. ಆತ ಅಲ್ಲಿ ಬೆಟ್ಟ ಇದೆಯಾ ಅಂತ ಕೇಳಿದ. ಸಾ ಕಾಲೋಬ್ರಾ ಬಗ್ಗೆ ಹೇಳಿದೆ. 1932ರಲ್ಲಿ ಅಂತೋನಿಯೋ ಪರಿಯೆತ್ತಿ ಅನ್ನೋ ಎಂಜಿನಿಯರ್ ಕಟ್ಟಿಸಿದ ರಸ್ತೆ. ಒಂದು ಕಡೆ ಟೈ ಗಂಟಿನ ಹಾಗೆ ಸುತ್ತಿ ತನ್ನ ಕೆಳಗೆ ತಾನೇ ನುಸುಳುತ್ತದೆ. ಸುಮಾರು ಒಂಬತ್ತೂವರೆ ಕಿಲೋಮೀಟರು ಸಮುದ್ರದವರೆಗೆ ಬರೀ ಇಳಿಜಾರು, ಆಮೇಲೆ ಅದೇ ದಾರಿಯಲ್ಲಿ ವಾಪಸ್ ಹತ್ತಬೇಕು.

"ನಂದಿ ಥರ ಅಲ್ಲ. ಮೊದಲು ಇಳಿಯೋದು."

"ಬೇರೆ ದಾರಿ ಇಲ್ವಾ?"

"ಇಲ್ಲ ಅಣ್ಣ. ದೋಣಿ ಇದೆ ಅಷ್ಟೇ."

ಆತ ಗ್ರೀಸಿನ ಡಬ್ಬಿ ಮುಚ್ಚಳ ಹಾಕಿ, ಪೆಡಲ್ಲನ್ನು ನನ್ನ ಕಡೆ ನೂಕಿದ. "ಎಡಗಡೇದು ಇನ್ನೊಂದು ಸಲ ಹಾಕಿ ತೋರ್ಸಿ ನೋಡೋಣ."