ಮಗು ಹೋಗ್ತಿರೋದು ಯಾರ ಮನೆಗೆ? ಎಸ್‌ಎನ್‌ಸಿಯು ಡಿಸ್ಚಾರ್ಜ್ ಕಲಿಸಿದ ಪಾಠ

ಹಳೇ ಮೈಸೂರು ಕಡೆಯ ಒಂದು ಜಿಲ್ಲಾಸ್ಪತ್ರೆಯಲ್ಲಿ ನಾನು ಸ್ಟಾಫ್ ನರ್ಸ್. ಕೆಲಸ ಎಸ್‌ಎನ್‌ಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ. ತಿಂಗಳು ತುಂಬದೆ ಹುಟ್ಟಿದ, ತೂಕ ತೀರಾ ಕಡಿಮೆ ಇರುವ, ಸೋಂಕಾದ, ಉಸಿರಾಟದ ತೊಂದರೆ ಇರುವ ಹಸುಗೂಸುಗಳು ಬರುವ ಜಾಗ ಇದು. ಊರಿನವರು 'ಮಗೂನ ಪೆಟ್ಟಿಗೇಲಿ ಇಟ್ಟವ್ರೆ' ಅನ್ನುತ್ತಾರಲ್ಲ, ಅದೇ.

ನಮ್ಮ ವಾರ್ಡಿಗೆ ಹೊಸದಾಗಿ ಬರುವ ಸಿಸ್ಟರ್‌ಗಳಿಗೆ ಮಗುವನ್ನು ಬೆಚ್ಚಗಿಡುವ ವಾರ್ಮರ್, ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್, ಡ್ರಿಪ್ ಅಳೆದು ಕೊಡುವ ಇನ್‌ಫ್ಯೂಷನ್ ಪಂಪ್ ಎಲ್ಲ ಬೇಗ ಬಂದುಬಿಡುತ್ತದೆ. ನಿಧಾನಕ್ಕೆ ಬರುವುದು ಡಿಸ್ಚಾರ್ಜ್. ಅದಕ್ಕೇ ಫೈಲ್ ತೆರೆಯುವ ಮೊದಲು ಎರಡು ಪ್ರಶ್ನೆ ಕೇಳಿ ಅಂತ ಹೇಳುತ್ತೇನೆ. ಮಗು ಯಾವ ಮನೆಗೆ ಹೋಗುತ್ತಿದೆ? ರಾತ್ರಿ ಮಗು ಪಕ್ಕ ಯಾರಿರುತ್ತಾರೆ?

ಮೊದಲನೇ ಪ್ರಶ್ನೆ ಯಾಕೆ ಅಂದರೆ, ನಮ್ಮ ರಿಜಿಸ್ಟರಿನಲ್ಲಿ ಇರುವುದು ಗಂಡನ ಮನೆ ವಿಳಾಸ. ಮಗು ಹೋಗುವುದು ತವರಿಗೆ. ಬಾಣಂತನ ಅಲ್ಲೇ ತಾನೆ? 2011ರಲ್ಲಿ ಶುರುವಾದ ಎಚ್‌ಬಿಎನ್‌ಸಿ (ಮನೆಯಲ್ಲೇ ನವಜಾತ ಶಿಶು ಆರೈಕೆ) ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆ ಹುಟ್ಟಿದ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬಂದು ಮಗು ನೋಡಬೇಕು. ನಮ್ಮಿಂದ ಮಾಹಿತಿ ಗಂಡನ ಊರಿನ ಆಶಾಗೆ ಹೋದರೆ ಆಕೆ ಬೀಗ ಹಾಕಿದ ಬಾಗಿಲು ನೋಡಿ ವಾಪಸ್. ತವರೂರಿನ ಆಶಾಗೆ ಇಂಥ ಮಗು ತನ್ನ ಊರಿಗೆ ಬಂದಿದೆ ಅನ್ನುವುದೇ ಗೊತ್ತಿಲ್ಲ. ಆರೈಕೆ ಜಾಸ್ತಿ ಬೇಕಾದ ಮಗು ಇಬ್ಬರ ಲೆಕ್ಕದಲ್ಲೂ ಇಲ್ಲ. ಆಮೇಲೆ ಫಾಲೋಅಪ್‌ಗೆ ಬರಲಿಲ್ಲ ಅಂತ ಮೀಟಿಂಗಿನಲ್ಲಿ ಕೇಳುತ್ತಾರೆ. ಈಗ ತವರಿನ ಊರು, ಅಲ್ಲಿನ ಆಶಾ ಫೋನ್ ನಂಬರ್, ಮನೇಲಿ ಯಾವಾಗಲೂ ಇರುವವರ ಒಂದು ನಂಬರ್ ಮೊದಲೇ ಬರೆದುಕೊಳ್ಳುತ್ತೇವೆ. ಅಪ್ಪನ ನಂಬರ್ ಒಂದನ್ನೇ ನಂಬಬೇಡಿ. ಆತ ಕೆಲಸಕ್ಕೆ ಬೆಂಗಳೂರಿನಲ್ಲಿ ಇರುತ್ತಾನೆ.

ಎರಡನೇ ಪ್ರಶ್ನೆಗೆ ಉತ್ತರ ಹೆಚ್ಚಾಗಿ ಒಂದೇ: ಅಜ್ಜಿ.

ನಾವು ಹೇಳುವುದನ್ನೆಲ್ಲ ಹೇಳುವುದು ತಾಯಿಗೆ. ಆಕೆಗೆ ಸಿಸೇರಿಯನ್ ನೋವು, ನಿದ್ದೆ ಇಲ್ಲ, ಎದೆ ಹಾಲು ಹಿಂಡಿ ಹಿಂಡಿ ಸುಸ್ತು. ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾಳೆ. ಸಹಿ ಹಾಕುವವನು ಅಪ್ಪ. ಮನೆಯಲ್ಲಿ ಎಣ್ಣೆ ಹಚ್ಚುವುದು, ನೀರು ಹಾಕುವುದು, ಹೊಗೆ ಹಿಡಿಯುವುದು, 'ಹೊಟ್ಟೆನೋವು ಇರ್ಬೇಕು, ಒಂಚೂರು ಬಜೆ ತೇಯಿ' ಅನ್ನುವುದು, ಎಲ್ಲ ಅಜ್ಜಿ. ಆ ಅಜ್ಜಿ ಅಷ್ಟೂ ದಿನ ಎಲ್ಲಿದ್ದರು? ವಾರ್ಡಿನ ಹೊರಗೆ, ಮೆಟ್ಟಿಲ ಹತ್ತಿರ ಚೀಲ ಇಟ್ಟುಕೊಂಡು ಕೂತಿದ್ದರು. ನಮ್ಮ ಮಾತು ಅವರ ಕಿವಿಗೆ ಬಿದ್ದೇ ಇಲ್ಲ.

ಕುಟುಂಬದವರನ್ನು ಒಳಗೆ ಬಿಟ್ಟು ಆರೈಕೆ ಕಲಿಸಬೇಕು ಅಂತ ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಕೈ ತೊಳೆಸಿ, ಗೌನ್ ಹಾಕಿಸಿ ಒಬ್ಬರನ್ನು ಬಿಡಬಹುದು. ಆ ಒಬ್ಬರಲ್ಲಿ ಅಜ್ಜಿಯದೂ ಒಂದು ಪಾಳಿ ಇರಲಿ, ಡಿಸ್ಚಾರ್ಜ್ ದಿನ ಕಾಯಬೇಡಿ. ಕೊನೇ ದಿನ ತಾಲೂಕು ಆಸ್ಪತ್ರೆಯಿಂದ 108ರಲ್ಲಿ ಇನ್ನೊಂದು ಮಗು ಬರುತ್ತಿರುತ್ತದೆ, ವಾರ್ಮರ್ ಖಾಲಿ ಇರಲ್ಲ, ಎಲ್ಲ ಗಡಿಬಿಡಿ. ಆಗ ಹೇಳಿದ್ದು ಆಸ್ಪತ್ರೆ ಗೇಟ್ ದಾಟುವುದಿಲ್ಲ.

ಅಜ್ಜಿಗೆ ಮೊದಲು ಕಲಿಸುವುದು ಕಾಂಗರೂ ಆರೈಕೆ. ಮಗುವಿಗೆ ಟೋಪಿ, ಕಾಲುಚೀಲ, ನ್ಯಾಪಿ ಬಿಟ್ಟು ಬೇರೆ ಬಟ್ಟೆ ಬೇಡ. ಬರಿ ಎದೆಗೆ ನೇರ ತಾಗುವಂತೆ ಮಲಗಿಸಿ ಮೇಲೆ ಬಟ್ಟೆ ಸುತ್ತುವುದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರು ಮಾಡಿದ್ದು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಜಿಲ್ಲೆಯುದ್ದಕ್ಕೂ ಮಾಡಿ ನೋಡಿದ್ದಾರೆ. ದಿನಕ್ಕೆ 8ರಿಂದ 24 ಗಂಟೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆ. ಒಬ್ಬ ಬಾಣಂತಿ ಇಷ್ಟು ಹೊತ್ತು ಮಾಡಕ್ಕಾಗುತ್ತಾ? ಅಜ್ಜಿಯೂ ಬೇಕು, ಅಪ್ಪನೂ ಬೇಕು. 'ಅಯ್ಯೋ ನಾಚ್ಕೆ ಆಗ್ತದೆ ಸಿಸ್ಟರ್' ಅಂತ ಶುರುವಿನಲ್ಲಿ ಎಲ್ಲ ಅಜ್ಜಿಯರೂ ಹೇಳುತ್ತಾರೆ. ಒಂದು ಗಂಟೆ ಮಗು ಎದೆ ಮೇಲೆ ಬೆಚ್ಚಗೆ ಮಲಗಿ ನಿದ್ದೆ ಹೋದ ಮೇಲೆ ಮಗಳಿಗೂ ಕೊಡಲ್ಲ. ಮನೆಗೆ ಹೋಗುವಾಗ ತಾಯಿ-ಮಗುವನ್ನು ಮನೆಗೆ ಬಿಡುವ ಸರ್ಕಾರದ ನಗು-ಮಗು ಗಾಡಿಯಲ್ಲೂ ಹೀಗೇ ಕಟ್ಟಿಕೊಂಡು ಹೋಗಲು ಹೇಳುತ್ತೇವೆ. ಬೈಕು ಬೇಡವೇ ಬೇಡ.

ಮಗುವನ್ನು ಹೀಗೆ ಎದೆಗಿಟ್ಟುಕೊಂಡ ಅಜ್ಜಿ ಜೊತೆ ಆಮೇಲಿನ ವಾದ ಸುಲಭ. ಮಗುವಿಗೆ ಈಗಲೇ ಸ್ನಾನ ಬೇಡ ಅಂದಾಗ ನನ್ನ ಹತ್ತಿರ ಜಗಳ ಆಡದ ಅಜ್ಜಿ ಕಡಿಮೆ. ಮೂರು ದಿನ ಸತತ ತೂಕ ಏರಿದೆ, ವಾರ್ಮರ್ ಇಲ್ಲದೆ ಮೈ ಬಿಸಿ ಇದೆ, ಟ್ಯೂಬ್ ಇಲ್ಲದೆ ಹಾಲು ಕುಡಿಯುತ್ತಿದೆ, ಉಸಿರು ನಿಂತು ನಿಂತು ಬರುವುದು ಹೋಗಿದೆ ಅಂದ ಮೇಲೆ ಡಾಕ್ಟರ್ ಮನೆಗೆ ಕಳಿಸುತ್ತಾರೆ. ಮನೆಯವರಿಗೆ ಅದು 'ಹುಷಾರಾಯ್ತು' ಅಂತ ಕೇಳಿಸುತ್ತದೆ. ಆದರೆ ಅದು ಇನ್ನೂ 1.7 ಕೆಜಿ ಮಗುವೇ. ಚರ್ಮದ ಕೆಳಗೆ ಕೊಬ್ಬಿಲ್ಲ. ಬಚ್ಚಲಲ್ಲಿ ಒದ್ದೆ ಮೈಯಲ್ಲಿ ಐದು ನಿಮಿಷ ಇದ್ದರೆ ತಣ್ಣಗಾಗಿಬಿಡುತ್ತದೆ. ತಣ್ಣಗಾದ ಮಗು ಕುಡಿದ ಹಾಲನ್ನೆಲ್ಲ ಮೈ ಕಾಯಿಸಿಕೊಳ್ಳಲು ಸುಡುತ್ತದೆ, ತೂಕ ಏರಲ್ಲ. ಇದನ್ನು ಹೇಳಿದರೆ ಅಜ್ಜಿ ಒಪ್ಪುತ್ತಾರೆ, ಯಾಕೆಂದರೆ ತೂಕ ಅವರಿಗೂ ಬೇಕು. 2.5 ಕೆಜಿ ಆಗುವವರೆಗೆ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಅಂತ ಗಡಿ ಹಾಕಿಕೊಡುತ್ತೇನೆ. ಸುಮ್ನೆ 'ಬೇಡ' ಅಂದರೆ ನಿಲ್ಲಲ್ಲ. 'ಇಷ್ಟು ತೂಕ ಬರಲಿ' ಅಂದರೆ ಕಾಯುತ್ತಾರೆ. ಬಜೆ, ಜೇನುತುಪ್ಪ, ಗ್ರೈಪ್ ವಾಟರ್, ಮೂಗಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಇವಕ್ಕೆ ಮಾತ್ರ ಗಡಿ ಇಲ್ಲ, ಪೂರ್ತಿ ಬೇಡ.

ಒಳಲೆಯ (ಹಾಲು ಕುಡಿಸುವ, ಮೂತಿ ಇರುವ ಪುಟ್ಟ ಬಟ್ಟಲು) ವಿಷಯದಲ್ಲಿ ಉಲ್ಟಾ. ಅದರಲ್ಲಿ ಹಾಲು ಕುಡಿಸುವುದು ನಮ್ಮ ಹೊಸ ಸಿಸ್ಟರ್‌ಗಳಿಗಿಂತ ಅಜ್ಜಿಗೇ ಚೆನ್ನಾಗಿ ಬರುತ್ತದೆ. ಅದನ್ನು ಎಲ್ಲರ ಎದುರು ಹೇಳಿಬಿಡಿ. ಎರಡು ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ, ಅನ್ನುವ ಮಾತು ಆಮೇಲೆ ಸಲೀಸು.

ಔಷಧಿ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ. ಈ ಮಕ್ಕಳಿಗೆ ವಿಟಮಿನ್ ಡಿ, ಐರನ್ ಹನಿ ಮನೆಗೂ ಹೋಗುತ್ತವೆ. ವಿಟಮಿನ್ ಡಿ ಹನಿ ಒಂದು ಎಂಎಲ್‌ಗೆ 400 ಯೂನಿಟ್ ಇರುವುದೂ ಸಿಗುತ್ತದೆ, 800 ಇರುವುದೂ ಸಿಗುತ್ತದೆ. ಒಂದು ಬಾಟಲಿ ಮುಗಿದು ಅಂಗಡಿಯವನು ಇನ್ನೊಂದು ಕೊಟ್ಟರೆ ಡೋಸ್ ದುಪ್ಪಟ್ಟು ಅಥವಾ ಅರ್ಧ. ಇನ್ನು ಚೀಟಿಯಲ್ಲಿ 0.5 ಅಂತ ಬರೆದದ್ದು ಮನೆಯಲ್ಲಿ 5 ಆಗಿಬಿಡಬಹುದು. ಅದಕ್ಕೆ ಸೂಜಿ ಇಲ್ಲದ ಒಂದು ಎಂಎಲ್ ಸಿರಿಂಜ್ ಕೊಟ್ಟು, ಎಷ್ಟಕ್ಕೆ ಎಳೆಯಬೇಕೋ ಅಲ್ಲಿ ಪ್ಲಾಸ್ಟರ್ ಸುತ್ತಿ ಕಳಿಸಿ. ಕೊಡುವವರ ಕೈಯಲ್ಲೇ ನಿಮ್ಮೆದುರು ಒಮ್ಮೆ ಎಳೆಸಿ. ಓದು ಬಾರದವರಿಗೂ ಪ್ಲಾಸ್ಟರ್ ಗೆರೆ ಕಾಣುತ್ತದೆ.

ಕಣ್ಣಿನ ಪರೀಕ್ಷೆಗೆ ಮಾತ್ರ ಯಾರ ಮುಲಾಜೂ ಇಟ್ಟುಕೊಳ್ಳಬೇಡಿ. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಇದ್ದ ಮಗುವಿಗೆ ಹುಟ್ಟಿದ 30 ದಿನದೊಳಗೆ ಆರ್‌ಒಪಿ ತಪಾಸಣೆ ಆಗಲೇಬೇಕು, ತೀರಾ ಚಿಕ್ಕ ಮಕ್ಕಳಿಗೆ ಇನ್ನೂ ಮೊದಲು. ಕಣ್ಣಿನ ಹಿಂದಿನ ಪರದೆಯ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕುರುಡಾಗುವ ಕಾಯಿಲೆ ಇದು. ಸಮಯಕ್ಕೆ ಸಿಕ್ಕರೆ ಲೇಸರ್‌ನಲ್ಲಿ ನಿಲ್ಲಿಸಬಹುದು. ಹೊರಗಿನಿಂದ ಕಣ್ಣು ಚೆಂದವಾಗೇ ಇರುತ್ತದೆ, ಅದೇ ಕಷ್ಟ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಕಿಡ್‌ರಾಪ್ ಅನ್ನುವ ಆರ್‌ಒಪಿ ತಪಾಸಣೆ ಕಾರ್ಯಕ್ರಮ ಶುರು ಮಾಡಿ ಕ್ಯಾಮೆರಾವನ್ನೇ ಜಿಲ್ಲೆಗಳಿಗೆ ತಂದರು, ಅದರಿಂದ ಎಷ್ಟೋ ಓಡಾಟ ತಪ್ಪಿತು. ಆದರೆ ಆ ದಿನಾಂಕ ಬಾಣಂತನದ ಮಧ್ಯದಲ್ಲೇ ಬೀಳುತ್ತದೆ. ಹಸಿ ಬಾಣಂತೀನ ಹೊರಗೆ ಕಳಿಸಲ್ಲ ಅನ್ನುತ್ತಾರೆ. ನಾನು ದಿನಾಂಕ ಕೊಡುವ ಮೊದಲು ಗೋಡೆ ಕ್ಯಾಲೆಂಡರ್ ನೋಡುತ್ತೇನೆ. ಅಮಾವಾಸ್ಯೆ ದಿನ ಬರೆದುಕೊಟ್ಟರೆ ಬರುವುದಿಲ್ಲ. ನಗಬೇಡಿ, ನಿಜ. ಒಂದು ವರ್ಷದವರೆಗೆ ಕಾಯಿಲೆ ಮಗುವಿನ ಚಿಕಿತ್ಸೆ, ಓಡಾಟ ಜೆಎಸ್‌ಎಸ್‌ಕೆ (ಜನನಿ ಶಿಶು ಸುರಕ್ಷಾ ಕಾರ್ಯಕ್ರಮ) ಅಡಿ ಉಚಿತ ಅನ್ನುವುದನ್ನೂ ಅಲ್ಲೇ ಹೇಳಿ. ಖರ್ಚಿಗೆ ಹೆದರಿ ನಿಂತುಬಿಡುತ್ತಾರೆ.

ತಕ್ಷಣ ಕರೆತರಬೇಕಾದ ಗುರುತುಗಳನ್ನು ಹಾಳೆಯಲ್ಲಿ ಕೊಟ್ಟರೂ ಬಾಯಲ್ಲಿ ಹೇಳಿಸಿ: ಹಾಲು ಎಳೆಯುತ್ತಿಲ್ಲ, ಮಗು ಮಂಕಾಗಿದೆ, ಜ್ವರ, ಕಾಂಗರೂ ಆರೈಕೆ ಕೊಟ್ಟರೂ ಮೈ ತಣ್ಣಗೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಉಸಿರು, ಎದೆ ಒಳಗೆ ಸೆಳೆಯುವುದು, ಫಿಟ್ಸ್, ಅಂಗೈ ಅಂಗಾಲು ಹಳದಿ. ತಿಂಗಳು ತುಂಬದ ಮಗು ಐದಾರು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ತೆಗೆದುಕೊಳ್ಳುವುದು ಸಹಜ. 20 ಸೆಕೆಂಡ್ ನಿಂತರೆ ಅಥವಾ ತುಟಿ ನೀಲಿಯಾದರೆ ಸಹಜ ಅಲ್ಲ. ಈ ವ್ಯತ್ಯಾಸ ಮೊದಲೇ ಹೇಳದಿದ್ದರೆ ಮೊದಲ ರಾತ್ರಿ ಮನೆಯವರು ಯಾರೂ ಮಲಗಲ್ಲ.

ಮೊದಲ ಫಾಲೋಅಪ್‌ಗೆ ಬಂದಾಗ ತೂಕ ನೋಡುವುದರ ಜೊತೆ ನಾನು ಮಗುವಿನ ತಲೆ ಮೂಸಿ ನೋಡುತ್ತೇನೆ. ಸಾಂಬ್ರಾಣಿ ವಾಸನೆ ಬಂದರೆ ಗೊತ್ತಾಗುತ್ತದೆ. ಬೈಯುವುದಿಲ್ಲ, ಬೈದರೆ ಮುಂದಿನ ಸಲ ಮಗುವನ್ನೇ ಕರೆತರಲ್ಲ. 'ಹೊಗೆ ಬಾಣಂತಿ ಕೂದಲಿಗೆ ಬೇಕಾದರೆ ಹಿಂದಿನ ಹಜಾರದಲ್ಲಿ ಹಾಕ್ಕೊಳ್ಳಿ ಅಜ್ಜಿ, ಮಗು ಮುಂದಿನ ರೂಮಲ್ಲಿರಲಿ' ಅಂದು, ಗೋಡೆ ಗಡಿಯಾರ ತೋರಿಸಿ ಅವರ ಕೈಲೇ ಒಂದು ನಿಮಿಷ ಮಗುವಿನ ಉಸಿರು ಎಣಿಕೆ ಮಾಡಿಸುತ್ತೇನೆ. ಎಣಿಕೆ ಬಾರದ ಅಜ್ಜಿ ಇದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಮೊಮ್ಮಗಳು ಇದ್ದೇ ಇರುತ್ತಾಳೆ, ಅವಳಿಗೆ ಫೋನಿನಲ್ಲೇ ಹೇಳಿಕೊಡುತ್ತೇನೆ.