ನವೆಂಬರ್‌ನಲ್ಲಿ ಸೋತರೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ?

ನಾನು ಯುಕಾನ್ ಅಭಿಮಾನಿ. ಅಂದರೆ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಅಭಿಮಾನಿ. ಇದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಲೆಕ್ಕಕ್ಕೆ ಬರುವುದು ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಮಾರ್ಚ್ ನಾಕೌಟ್ ಟೂರ್ನಿ ತಾನೇ? ಸೀಸನ್ ಶುರುವಾಗುವ ನವೆಂಬರ್‌ನ ಸೋಲಿಗೆ ಯಾಕೆ ಮುಖ ಊದಿಸಿಕೊಂಡು ಕೂರುತ್ತೀಯ?

ಉತ್ತರಕ್ಕೆ 2024ರ ನವೆಂಬರ್ ಸಾಕು. 2023, 2024 ಎರಡೂ ವರ್ಷ ಚಾಂಪಿಯನ್ ಆಗಿದ್ದ ತಂಡ ಮಾವಿ ಟೂರ್ನಿಗೆ ಹೋಯಿತು. ಹವಾಯಿಯ ಲಹೈನಾದ ಪುಟ್ಟ ಹಾಲ್‌ನಲ್ಲಿ ಮೂರು ದಿನ, ಮೂರು ಮ್ಯಾಚ್, ಮೂರೂ ಸೋಲು. ಮೆಂಫಿಸ್ ಎದುರು ಓವರ್‌ಟೈಮ್‌ನಲ್ಲಿ 99-97, ಕೊಲರಾಡೊ ಎದುರು 73-72. ಡೇಟನ್ ಅಂತೂ 85-67ರಲ್ಲಿ ಸುಮ್ನೆ ಚಚ್ಚಿ ಹಾಕಿತು.

ಮೊದಲನೆಯದೇ ನನಗೆ ಜಾಸ್ತಿ ಚುಚ್ಚಿದ್ದು. 92-92 ಸಮ. ಓವರ್‌ಟೈಮ್‌ನಲ್ಲಿ ಇನ್ನು ಸುಮಾರು 40 ಸೆಕೆಂಡ್ ಉಳಿದಿದೆ. ರೀಬೌಂಡ್‌ಗೆ, ಅಂದರೆ ಬುಟ್ಟಿ ತಪ್ಪಿ ಪುಟಿದ ಚೆಂಡಿಗೆ, ಹಾರಿದ ನಮ್ಮ ಲಿಯಾಮ್ ಮ್ಯಾಕ್‌ನೀಲಿ ಮೇಲೆ ಫೌಲ್ ಕೊಟ್ಟರು. ನಮ್ಮ ಕೋಚ್ ಡ್ಯಾನ್ ಹರ್ಲಿ ನೆಲದ ಮೇಲೆ ಬಿದ್ದು ರಂಪ ಮಾಡಿ, ಅಶಿಸ್ತಿಗೆ ಕೊಡುವ ಟೆಕ್ನಿಕಲ್ ಫೌಲ್ ತಗೊಂಡರು. ಎರಡೂ ಫೌಲ್ ಸೇರಿ ಮೆಂಫಿಸ್‌ಗೆ ನಾಲ್ಕು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಶಾಟ್, ನಾಲ್ಕೂ ಒಳಗೆ. ರೆಫರಿ ತಪ್ಪು ಅಂತ ಜನ ಈಗಲೂ ವಾದ ಮಾಡುತ್ತಾರೆ. ಇರಬಹುದು. ಆದರೆ ಆಟ ಅಲ್ಲಿಗೆ ಬಂದು ನಿಂತದ್ದು ಅದೊಂದೇ ಫೌಲ್‌ನಿಂದ ಅಲ್ಲವಲ್ಲ.

ಎದುರಾಳಿಯ ತ್ರೀ ಪಾಯಿಂಟ್ ಶಾಟ್‌ಗಳು ಒಂದು ದಿನ ಬೀಳುತ್ತವೆ, ಇನ್ನೊಂದು ದಿನ ಬೀಳಲ್ಲ. ಅದಕ್ಕೆ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ. ಫೌಲ್ ಹಾಗಲ್ಲ, ಅದು ಚಾಳಿ. ಕಾಲು ತಡವಾದಾಗ ಕೈ ಮುಂದೆ ಹೋಗುತ್ತದೆ. ಹಿಂದಿನ ವರ್ಷ ಯಾರಾದರೂ ಡಿಫೆಂಡರ್‌ನ ದಾಟಿ ನುಗ್ಗಿದರೆ ಬುಟ್ಟಿಯ ಕೆಳಗೆ ಏಳಡಿ ಎರಡಿಂಚಿನ ಡೊನೊವನ್ ಕ್ಲಿಂಗನ್ ನಿಂತಿರುತ್ತಿದ್ದರು. ಅವರೂ ಸ್ಟೆಫಾನ್ ಕ್ಯಾಸಲ್‌ರೂ ವೃತ್ತಿಪರ ಲೀಗ್ ಎನ್‌ಬಿಎಗೆ ಹೋದರು. ಮುಂದಿನವರ ತಪ್ಪು ಮುಚ್ಚುವವರು ಇಲ್ಲ ಅಂತ ಮಾವಿಯಲ್ಲೇ ಗೊತ್ತಾಯಿತು. ಸೀಸನ್ ಪೂರ್ತಿ ಆ ಚಾಳಿ ಬಿಡಲಿಲ್ಲ.

ಡಿಸೆಂಬರ್‌ನಲ್ಲಿ ಬೇಲರ್, ಟೆಕ್ಸಸ್, ಗೊಂಜಾಗಾ ಮೂವರನ್ನೂ ಸೋಲಿಸಿದಾಗ "ನೋಡಿದೆಯಾ, ಸರಿಹೋಯ್ತಲ್ಲ" ಅಂದರು. ಮಾರ್ಚ್ ಟೂರ್ನಿಗೆ ಸೀಡ್, ಅಂದರೆ ಶ್ರೇಯಾಂಕ, ಕೊಡುವ ಕಮಿಟಿ ಹಾಗೆ ಮರೆಯುವುದಿಲ್ಲ. ಕಮಿಟಿಗೆ ನವೆಂಬರ್ ಮ್ಯಾಚ್ ಕೂಡ ಫೆಬ್ರವರಿಯದಷ್ಟೇ ಮ್ಯಾಚು. ಜನವರಿಯಿಂದ ನಮ್ಮ ಗುಂಪಿನ ಲೀಗ್‌ನಲ್ಲೂ ಸೋಲುಗಳಾದವು, ಎಲ್ಲ ಪಾಪ ಮಾವಿಯದಲ್ಲ. ಕೊನೆಗೆ ಸಿಕ್ಕಿದ್ದು 8ನೇ ಸೀಡ್. 8ನೇ ಸೀಡ್ ಮೊದಲ ಸುತ್ತು ಗೆದ್ದರೆ ಎರಡನೇ ಸುತ್ತಿನಲ್ಲೇ 1ನೇ ಸೀಡ್ ಕಾಯುತ್ತಿರುತ್ತದೆ. ಒಕ್ಲಹೋಮಾ ಮೇಲೆ ಗೆದ್ದೆವು. ಆಮೇಲೆ ಫ್ಲೋರಿಡಾ. 77-75ಕ್ಕೆ ಮನೆಗೆ. ಆ ಫ್ಲೋರಿಡಾವೇ ಆ ವರ್ಷದ ಚಾಂಪಿಯನ್.

ಆರ್‌ಸಿಬಿ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್ ತಲುಪಿದರು. ಆದರೆ ಸಿಕ್ಕಿದ್ದು ನಾಲ್ಕನೇ ಜಾಗ. ಅಂದರೆ ಎಲಿಮಿನೇಟರ್, ಒಂದು ಸೋತರೆ ಮುಗೀತು. ಮುಗಿದೇ ಹೋಯಿತು.

ನನ್ನ ಬಾಯಿ ಮುಚ್ಚಿಸಲು ಕೆಲವರು 2011ರ ಯುಕಾನ್ ತಂಡವನ್ನು ತರುತ್ತಾರೆ. ಲೀಗ್‌ನಲ್ಲಿ 9 ಗೆಲುವು, 9 ಸೋಲು, ಆದರೂ ದೇಶಕ್ಕೇ ಚಾಂಪಿಯನ್ ಆಯಿತಲ್ಲ ಅಂತ. ಹೌದು, ಐದು ದಿನದಲ್ಲಿ ಐದು ಮ್ಯಾಚ್ ಗೆದ್ದು ಲೀಗ್ ಟೂರ್ನಿಯನ್ನೇ ಹೊಡೆದುಕೊಂಡರು. ಅದರ ಜೊತೆಗೆ ಇನ್ನೊಂದು ಇತ್ತು. 2010ರ ನವೆಂಬರ್‌ನಲ್ಲಿ ಕೆಂಬಾ ವಾಕರ್‌ರ ಆ ತಂಡ ಮಿಶಿಗನ್ ಸ್ಟೇಟ್, ಕೆಂಟಕಿ ಎರಡನ್ನೂ ಮಣಿಸಿ ಇದೇ ಮಾವಿ ಟೂರ್ನಿ ಗೆದ್ದಿತ್ತು. ಮಾರ್ಚ್‌ನಲ್ಲಿ ಅವರಿಗೆ ಸಿಕ್ಕಿದ್ದು 3ನೇ ಸೀಡ್. 8 ಅಲ್ಲ.

ಅದಕ್ಕೇ ನವೆಂಬರ್‌ನಲ್ಲಿ ಯಾರು ಎಷ್ಟು ಪಾಯಿಂಟ್ ಹೊಡೆದರು ಅಂತ ನಾನು ಆಮೇಲೆ ನೋಡುತ್ತೇನೆ. ಮೊದಲು ಸ್ಕೋರ್‌ಕಾರ್ಡ್‌ನ ಫೌಲ್ ಕಾಲಂ.